ಏನಂತೈತೆ

ದೊಡ್ಡೋಳಾದಳು ಅಂತ ಮೊದಲು ಅಂದವಳು ಸೋದರತ್ತೆ,
ಹದಿಮೂರಕ್ಕೆ. ಹಸಿ ಗರಿಯ ಗುಡ್ಲು ಕಟ್ಟಿ ಒಳಗೆ ಕೂರಿಸಿ
ಕೊಬ್ಬರಿ, ಬೆಲ್ಲ, ಚಿಗಳಿ ಉಂಡೆ,
ತಿನ್ನು ತಿನ್ನು, ಸೊಂಟ ಗಟ್ಟಿಯಾಗಲಿ ಎಂದರು.
ತಿಂದೆ. ಸೊಂಟ ಗಟ್ಟಿಯಾಯಿತು. ಅಷ್ಟೆ.

ಆಮೇಲೆ ಬ್ಯಾಂಕಿನ ಕ್ಯಾಶಿಯರು
ಪಾಸ್‌ಬುಕ್ಕಿನ ಮೈನರ್ ಎಂಬ ಮೊಹರಿನ ಮೇಲೆ
ಕೆಂಪು ಇಂಕಿನಲ್ಲಿ ಗೀಟೆಳೆದು
ಇನ್ನು ನಿನ್ನ ರುಜು ಸಾಕಮ್ಮ ಎಂದ.
ಖಾತೆಯಲ್ಲಿ ನಾನೂರ ಹನ್ನೆರಡು ರೂಪಾಯಿತ್ತು.

ನಾನು ಹೇಳಹೊರಟದ್ದು ನೊಣವಿನಕೆರೆ ಕಡೆಯ
ಒಂದು ಅಟ್ಟದ ವಿಷಯ.

ನಮ್ಮಪ್ಪ ಗಂಗಹನುಮಯ್ಯ
ತಿಪಟೂರು ಸುತ್ತಿನ ಊರುಗಳಲ್ಲಿ
ಕಾಯಿ ಅಲ್ಲಾಡಿಸಿ ಹೇಳುವವನು.
ಅಟ್ಟಕ್ಕೇರಿದ ಕಾಯಿ ವರ್ಷವಿಡೀ ಸುಮ್ಮನೆ ಬಿದ್ದಿರಬೇಕು,
ಒಳಗಿನ ನೀರು ತಾನಾಗಿ ಇಂಗಿ
ತಿರುಳು ಕರಟದ ಕೈಬಿಟ್ಟು ಒಂಟಿಯಾಗುವ ತನಕ.
ಅವಸರಕ್ಕೆ ಒಡೆದರೆ ಹಸಿ, ಚೂರು, ನಷ್ಟ.
ಅಪ್ಪ ಮೂಲೆಮೂಲೆಯಿಂದ ಒಂದೊಂದು ಹೆಕ್ಕಿ
ಕಿವಿಯ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸುವನು.
ಗುಳುಗುಳು ಅಂದರೆ, ಇನ್ನೂ ನೀರೈತೆ ಯಜಮಾನ್ರೆ, ಮಲಗ್ಲಿ.
ಲೊಟಲೊಟ ಅಂದರೆ, ಇಳಿಸಿ.
ಆ ಒಂದು ಮಾತಿಗೆ ಆಳು ಬರುವರು, ಲಾರಿ ಬರುವುದು,
ಯಾರದೋ ಮಗಳ ಮದುವೆಗೆ ದಿನ ಗೊತ್ತಾಗುವುದು.

ಆ ವರ್ಷ ಮಾಗಿ. ಮರುಳಪ್ಪನವರ ಅಟ್ಟ.
ನೀನೂ ಬಾ ಮೇಲಕ್ಕೆ ಅಂದ ಅಪ್ಪ, ಯಾಕೋ.
ವೇಲು ಸೊಂಟಕ್ಕೆ ಬಿಗಿದು ಹತ್ತಿದೆ.
ಇಲಿ ಹಿಕ್ಕೆ, ಜೇಡರ ಬಲೆ, ಸಿಪ್ಪೆಯ ಧೂಳು,
ಹೆಂಚಿನ ಸಂದಿಂದ ಇಳಿದ ಬಿಸಿಲು ಗರಗಸದ ಹಾಗೆ ನಿಂತಿತ್ತು.
ಕೆಳಗೆ ಶಿವನಂಜಮ್ಮ ಕಾಫಿ ಲೋಟ ತೊಳೆಯುವ ಸದ್ದು.
ಅಪ್ಪ ಒಂದು ಕಾಯಿ ಎತ್ತಿ ಎಡಗಿವಿಗೆ ಹಿಡಿದು
ಅಲ್ಲಾಡಿಸಿದ. ಬಲಗಿವಿಗೆ ಹಿಡಿದು ಅಲ್ಲಾಡಿಸಿದ.
ಮತ್ತೆ ಎಡಗಿವಿಗೆ.
ಆಮೇಲೆ ಅದನ್ನು ನನ್ನ ಕಡೆ ಚಾಚಿ,
ನನ್ನನ್ನು ಈವರೆಗೆ ಏನೂ ಕೇಳದವನು
ಕೇಳಿದ:
‘ಏನಂತೈತೆ?’

ತಮಾಷೆ ಅಂದುಕೊಂಡೆ. ಮುಖ ನೋಡಿದೆ.
ಟಿವಿ ಯಾಕೆ ಅಷ್ಟು ಜೋರು,
ಫೋನೆತ್ತಿ ಯಾಕೆ ಬರೀ ಹ್ಞೂ ಹ್ಞೂ,
ಮೊನ್ನೆ ಹಾಸನ ರಸ್ತೆಯ ತಿರುವಿನಲ್ಲಿ
ಬಸ್ಸಿನ ಹಾರನ್ನಿಗೆ ಯಾಕೆ ತಿರುಗಲಿಲ್ಲ,
ಎಲ್ಲ ಲೆಕ್ಕವೂ ಒಂದೇ ಉಸಿರಿಗೆ ಕೂಡಿಬಂತು.
ಕೇಳಿಸದ್ದಕ್ಕೇ ಕೇಳಿದ್ದು.

ಕಾಯಿ ಕಿವಿಗೆ ಹಿಡಿದೆ.
ಮೊದಲು ನನ್ನ ರಕ್ತದ ಸದ್ದೇ ಕೇಳಿತು.
ಆಮೇಲೆ ಏನೋ. ನೀರೋ, ತಿರುಳೋ,
ಎರಡರ ನಡುವಿನ ಯಾವುದೋ.
ಗೊತ್ತಿಲ್ಲ ಅನ್ನಬಹುದಿತ್ತು.
ನಿನ್ನೆಯವರೆಗೂ ಅದೇ ಅಲ್ಲವೆ ನನ್ನ ಉತ್ತರ,
ಹಾಲಿನ ಲೆಕ್ಕಕ್ಕೆ, ಬಂದ ನೆಂಟರಿಗೆ, ಎಲ್ಲಕ್ಕೂ.
ಕೆಳಗಿಂದ ಮರುಳಪ್ಪ: ‘ಹೆಂಗೈತೆ ಗಂಗಣ್ಣ?’
ಅಪ್ಪನಿಗೆ ಅದೂ ಮುಟ್ಟಲಿಲ್ಲ.
ಅವನ ಕಣ್ಣು ನನ್ನ ತುಟಿಯ ಮೇಲಿತ್ತು,
ರಿಸಲ್ಟ್ ಹಚ್ಚುವ ಗೋಡೆಯ ಮುಂದಿನ ಹುಡುಗನ ಹಾಗೆ.

‘ಇನ್ನೊಂದ್ ತಿಂಗ್ಳು ಬಿಡ್ಬೇಕಂತೆ,’ ಎಂದು ಕೂಗಿದೆ,
‘ಶಿವರಾತ್ರಿ ಕಳೀಲಿ ಅಂತಾರೆ ಅಪ್ಪ.’

ಅಂತಾರೆ ಅಪ್ಪ.
ಆ ಎರಡು ಪದದ ಹಿಂದೆ ನಿಂತು
ಹತ್ತು ವರ್ಷ ಊರೂರ ಅಟ್ಟ ಹತ್ತಿದೆ.

ಆವತ್ತು ವಾಪಸು ಬರುವಾಗ, ಟಿವಿಎಸ್ ಹಿಂದೆ ಕೂತು,
ಸ್ವಲ್ಪ ಪರವಾಗಿಲ್ಲ ಅನ್ನಿಸಿದ ಕಿವಿಗೆ ಕೂಗಿದ್ದೆ:
ಅಪ್ಪಾ, ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ!
ಗಾಡಿ ನಿಲ್ಲಿಸಿ, ಕಾಲೂರಿ, ನಕ್ಕ.
‘ನಂಗೂ ಎಷ್ಟೋ ಸಲ ಗೊತ್ತಾಗ್ತಿರ್ಲಿಲ್ಲ ಕಣವ್ವ.
ಅದ್ಕೇ ಒಂದ್ ತಿಂಗ್ಳು ಬಿಡಿ ಅಂತಿದ್ದೆ.’

ಶಿವರಾತ್ರಿ ಕಳೆದು ಒಡೆದಾಗ
ನೂರಕ್ಕೆ ಎಂಟು ಹಸಿಯಿದ್ದವು.
ಕಣದ ಅಂಚಿನಲ್ಲಿ ಬೈಸಿಕೊಳ್ಳಲೆಂದೇ ನಿಂತಿದ್ದೆ,
ಕರಟದ ರಾಶಿಯ ಪಕ್ಕ, ಸಂಜೆಯವರೆಗೂ.
ಮರುಳಪ್ಪ ದುಡ್ಡೆಣಿಸಿ ಅಪ್ಪನಿಗಲ್ಲ, ನನ್ನ ಕೈಗೆ ಕೊಟ್ಟು
ಒಳಗೆ ಹೋದರು.
ಯಾರೂ ಬೈಯಲಿಲ್ಲ.